ಹಳೇ ಲಾಳದ ನಾಯಿ

ಮನೆಯಿಂದ, ಹೊಲಿಗೆ ಕೋಣೆ
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯಾ? ಕತ್ತೆ ಒದ್ದ ಮೊಣಕಾಲಿನ ಊತ ಇಳಿಯಿತಾ, ಇಲ್ಲ ಇನ್ನೂ ಕುಂಟುತ್ತಲೇ ಓಡಾಡುತ್ತಿದ್ದೀಯಾ? ಆ ದ್ವೀಪದ ಉಪ್ಪುಗಾಳಿಗೆ ಬೆಳಿಗ್ಗೆ ಬೆಳಿಗ್ಗೆ ಸೀನು ಬರುತ್ತದೆ ಅಂದಿದ್ದೆ, ಕಿವಿಗೆ ಬಟ್ಟೆ ಕಟ್ಟಿಕೋ. ಮಗಳು ಏನು ಮಾಡುತ್ತಾಳೆ ಅಂತ ಕೇಳಿದವರಿಗೆಲ್ಲ, ಹಡಗಿನಲ್ಲಿ ಬಂದ ಪ್ರಾಣಿಗಳಿಗೆ ರೋಗವಿಲ್ಲ ಅಂತ ಖಾತ್ರಿಯಾಗುವ ತನಕ ಅವನ್ನು ಅಲ್ಲೇ ಇಟ್ಟುಕೊಂಡು ನೋಡಿಕೊಳ್ಳುವ ವೈದ್ಯೆ ಅಂತ ವಿವರಿಸಿ ವಿವರಿಸಿ ನನಗೆ ಸಾಕಾಗಿದೆ. ಮೊನ್ನೆ ಒಬ್ಬಳು "ಅಂದ್ರೆ ಪ್ರಾಣಿಗಳ ಜೈಲರ್ರಾ?" ಅಂದಳು. ಹೂಂ ಅಂದು ಅವಳ ಕುಪ್ಪಸದ ಅಳತೆ ತೆಗೆದುಕೊಂಡೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಪ್ರಾಣಿಗಳಿಗೆ ಮೇವು ಹಾಕಿ ನೀನು ಉಪವಾಸ ಬೀಳಬೇಡ.

ದಿನಾ ಫೋನು ಮಾಡುವವಳು ಕಾಗದ ಯಾಕೆ ಬರೆದಳು ಅಂತ ಹುಬ್ಬೇರಿಸಬೇಡ. ಫೋನಿನಲ್ಲಿ ಮಾತಾಡೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಇರುತ್ತಾರೆ. ಕಂಪ್ಯೂಟರಿನಲ್ಲಿ ಬರೆಯೋಣವೆಂದರೆ ಅದು ಇರುವುದು ಕ್ಲಿನಿಕ್ಕಿನಲ್ಲಿ, ಅವರ ಮೇಜಿನ ಮೇಲೆ. ನನ್ನ ಕೈಬರಹವನ್ನು ಮಾತ್ರ ಅವರು ಮದುವೆಯಾದಾಗಿನಿಂದ ಓದಿಲ್ಲ, ಕೋಳಿ ಕೆದರಿದ ಹಾಗಿದೆ ಅಂತ. ಇವತ್ತು ಆ ಕೋಳಿಯೇ ಕೆಲಸಕ್ಕೆ ಬಂತು. ಔಷಧದಂಗಡಿಯವನು ನಾಳೆಯ ದೋಣಿಯಲ್ಲಿ ನಿಮ್ಮ ದ್ವೀಪಕ್ಕೆ ಮದ್ದಿನ ಪೆಟ್ಟಿಗೆ ಕಳಿಸುತ್ತಾನಲ್ಲ, ಅದರೊಳಗೆ ಇದನ್ನು ಇಡಲು ಹೇಳಿದ್ದೇನೆ. ನಿನ್ನಿಂದ ನನಗೆ ಒಂದು ಮುದಿ ನಾಯಿಯ ವಿಷಯದಲ್ಲಿ ಸಹಾಯ ಆಗಬೇಕು. ಹೇಳುತ್ತೇನೆ, ಮೊದಲಿನಿಂದ ಕೇಳು.

ನೀನು ಹೋಗುವಾಗ ಪಶುವೈದ್ಯರ ಆ ಜಾಲತಾಣಕ್ಕೆ ಅಪ್ಪನ ಹೆಸರಲ್ಲಿ ಚಂದಾ ಕಟ್ಟಿ ಹೋದೆ. "ಹಸುವಿನ ಬಾಯಿಗೆ ಕೈ ಹಾಕದವರೆಲ್ಲ ಅಲ್ಲಿ ಹಸುವಿನ ಬಗ್ಗೆ ಬರೀತಾರೆ" ಅಂತ ಮೂಗು ಮುರಿದವರು, ಈಗ ಹಲ್ಲುಜ್ಜುವುದಕ್ಕೆ ಮೊದಲೇ ನನ್ನನ್ನು ಕೂಗುತ್ತಾರೆ. ಕನ್ನಡಕದ ನಂಬರು ಬದಲಾಗಿದೆಯಂತೆ, ಅಕ್ಷರ ಒತ್ತಲು ಆಗುವುದಿಲ್ಲವಂತೆ. ಹಾಗಾಗಿ ನಾಯಿ ಬೆಕ್ಕು ತಂದವರು ಕೂರುವ ಕುರ್ಚಿಯಲ್ಲಿ ಅವರು, ಡಾಕ್ಟರ ಕುರ್ಚಿಯಲ್ಲಿ ನಾನು. ನಾನು ಓದಿ ಹೇಳುತ್ತೇನೆ, ಅವರು ಉತ್ತರ ಹೇಳುತ್ತಾರೆ, ನಾನು ಒತ್ತುತ್ತೇನೆ. ಜೀವನವಿಡೀ ಅಂಚು ಮಡಿಚಿ ಗುಂಡಿ ಹಾಕಿದವಳು ಈಗ ಮೀನಿಗೆ ಪ್ರಜ್ಞೆ ತಪ್ಪಿಸುವ ವಿಧಾನ ಓದುತ್ತಿದ್ದೇನೆ ನೋಡು! ಔಷಧವನ್ನು ನೀರಿಗೇ ಬೆರೆಸಿ, ಆಪರೇಷನ್ ಮುಗಿಯುವ ತನಕ ಆ ನೀರನ್ನು ಕಿವಿರಿನ ಮೇಲೆ ಹರಿಸುತ್ತಲೇ ಇರಬೇಕಂತೆ. ಕುದುರೆಗೆ ವಾಂತಿ ಬರುವುದಿಲ್ಲವಂತೆ. ಪಶುವೈದ್ಯನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದರೂ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತದೆ ಅನ್ನುವುದನ್ನು ಗಿರಾಕಿಗಳಿಗೆಲ್ಲ ಹೇಳಿ ಮುಗಿಸಿದ್ದೇನೆ. ಒಂದು ವಿಷಯ ಮಾತ್ರ ಎಲ್ಲೂ ಸಿಗಲಿಲ್ಲ, ನೀನು ಹೇಳು: ಆಮೆಗೆ ಚಿಪ್ಪಿನ ಮೇಲೆ ಕೆರೆದರೆ ಗೊತ್ತಾಗುತ್ತದಾ?

ಅಲ್ಲಿ ವೃತ್ತಿಯ ಸುದ್ದಿಗಳ ಪುಟವೂ ಇದೆಯಲ್ಲ. ಯಾವ ಕಂಪನಿಯ ಕಿವಿಯ ಹನಿ ವಾಪಸು ಹೋಯಿತು, ಯಾವ ಲಸಿಕೆ ಸಿಗುತ್ತಿಲ್ಲ, ಎಲ್ಲ ತಿಳಿಯುತ್ತದೆ. ಈ ತಿಂಗಳ ದೊಡ್ಡ ಜಗಳ ಏನೆಂದರೆ, ಪ್ರಾಣಿಯನ್ನು ಮುಟ್ಟದೆ ವಿಡಿಯೋದಲ್ಲೇ ನೋಡಿ ಮದ್ದು ಬರೆಯಬಹುದೋ ಬೇಡವೋ ಅಂತ. ನಿಮ್ಮಪ್ಪ ಕುರ್ಚಿಯ ಅಂಚಿಗೆ ಬಂದು ಕೂತು ಹೇಳಿದರು, "ಮಾನ್ಯರೇ, ಮುಟ್ಟದೆ ಮದ್ದು ಬರೆಯುವವನು ವೈದ್ಯನಲ್ಲ, ಜ್ಯೋತಿಷಿ ಅಂತ ಹಾಕು." ನಿನಗೆ ಗೊತ್ತಲ್ಲ ಅವರ ಶಿಸ್ತು, ಪ್ರತಿ ಬರಹಕ್ಕೂ ಮೊದಲು 'ಮಾನ್ಯರೇ' ಬರಬೇಕು, ಎಲ್ಲರಿಗೂ ಬಹುವಚನ. ಅದಕ್ಕೆ ಬಂದ ಮೆಚ್ಚುಗೆಗಳನ್ನು ನೋಡಿ ಆ ದಿನವೆಲ್ಲ ಹಿಗ್ಗಿ ಹೀರೇಕಾಯಿಯಾಗಿದ್ದರು.

ಇನ್ನು ಆ ಪ್ರಶ್ನೋತ್ತರದ ಕಟ್ಟೆ. ಅಲ್ಲಿ ವೈದ್ಯರು ಯಾರೂ ನಿಜವಾದ ಹೆಸರಿನಲ್ಲಿ ಕೂರುವುದಿಲ್ಲ. ನೀನು ಅಲ್ಲಿ 'ಕಪ್ಪೆಚಿಪ್ಪು' ಅಂತ ನನಗೆ ಹೇಳಿದವಳು ನೀನೇ. "ಅಪ್ಪಂಗೆ ಹೇಳ್ಬೇಡಮ್ಮಾ, ಗೊತ್ತಾದ್ರೆ ನನ್ನ ಉತ್ತರಕ್ಕೆಲ್ಲ ಕೆಂಪು ಪೆನ್ನು ಹಿಡೀತಾರೆ" ಅಂದೆ. ಇತ್ತ ಅವರೂ ಒಂದು ಹೆಸರಿಟ್ಟುಕೊಂಡು ನನ್ನ ಬಾಯಿ ಕಟ್ಟಿದರು: "ಗುಬ್ಬಿಗೆ ಹೇಳ್ಬೇಡ. ಅಪ್ಪನೂ ಪ್ರಶ್ನೆ ಕೇಳ್ತಾರೆ ಅಂತ ಗೊತ್ತಾದ್ರೆ ನಗ್ತಾಳೆ." ಇಬ್ಬರ ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ನನಗೇ ಹೊಟ್ಟೆಯುಬ್ಬರ ಬಂದಿತ್ತು. ಇವತ್ತು ಒಂದನ್ನು ಹೊರಗೆ ಹಾಕುತ್ತೇನೆ. ಮೇಕೆಯ ಹೊಟ್ಟೆಯುಬ್ಬರದ ಬಗ್ಗೆ ನಿನ್ನ ಜೊತೆ ಜಗಳ ತೆಗೆದ 'ಹಳೇ ಲಾಳ' ನಿಮ್ಮಪ್ಪ. "ಅಲ್ಲೊಬ್ಬ ಹಳೇ ಲಾಳ ಅಂತ ಇದ್ದಾನಮ್ಮಾ, ಮಹಾ ಮೊಂಡ" ಅಂತ ನೀನು ಫೋನಿನಲ್ಲಿ ಬೈಯುವಾಗ, ಆ ಮೊಂಡನ ಒಂದೊಂದು ಅಕ್ಷರವನ್ನೂ ಒತ್ತಿದವಳು ಬಾಯಿಗೆ ಟವೆಲ್ ತುರುಕಿಕೊಂಡು ಕೂತಿದ್ದಳು. ಅದೇ ಸಂಜೆ ಅವರು ಏನಂದರು ಗೊತ್ತಾ? "ಈ ಕಪ್ಪೆಚಿಪ್ಪು ಯಾರೋ ಏನೋ, ಸೊಕ್ಕು ಜಾಸ್ತಿ. ಆದ್ರೆ ಹೇಳಿದ್ದು ಸರಿಯಾಗಿದೆ." ಗುಬ್ಬಿ, ಅವರು ಇನ್ನೊಬ್ಬ ವೈದ್ಯರ ಬಗ್ಗೆ ಹೀಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಎಷ್ಟು ಸಂತೋಷವಾಯಿತೆಂದರೆ, ಯಾರದೋ ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಹೊಲಿದುಬಿಟ್ಟೆ.

ಈಗ ನಾಯಿಯ ವಿಷಯ. ಹೋದ ವಾರ ಅವರು ಒಂದು ಪ್ರಶ್ನೆ ಹೇಳಿ ಬರೆಸಿದರು. ನೀನೂ ಓದಿದ್ದೀಯ, ಉತ್ತರಿಸಿದ್ದೀಯ: ವಯಸ್ಸಾದ ಗಂಡು ನಾಯಿ, ದುಡಿದ ಜೀವ, ಬಲಗಡೆಯ ಮುಂಗಾಲು ಕೆಲವು ತಿಂಗಳಿಂದ ನಡುಗುತ್ತದೆ, ಜೊತೆಗಿರುವವರಿಗೆ ಕಾಣದಂತೆ ಮುಚ್ಚಿಡುತ್ತದೆ, ಇನ್ನೆಷ್ಟು ದಿನ ಕೆಲಸ ಮಾಡೀತು? ಒಬ್ಬರು ಕೀಲುನೋವು ಅಂದರು, ಒಬ್ಬರು ವಿಷವೇನಾದರೂ ತಿಂದಿದೆಯಾ ಅಂದರು, ಒಬ್ಬರು ವಯಸ್ಸು ಅಂದು ಕೈತೊಳೆದುಕೊಂಡರು. ನೀನು ಮಾತ್ರ ಪುಟ ತುಂಬ ಬರೆದೆ. ಸುಮ್ಮನಿದ್ದಾಗ ನಡುಗುತ್ತದೋ, ಕೆಲಸ ಮಾಡುವಾಗಲೋ? ನಿದ್ದೆಯಲ್ಲಿ ನಿಲ್ಲುತ್ತದೋ? ನಡಿಗೆ ಬದಲಾಗಿದೆಯೋ? ಮೊದಲಿನಷ್ಟು ಗೆಲುವಾಗಿದೆಯೋ? ಕೊನೆಗೆ ಬರೆದೆ, "ಇದಕ್ಕೆಲ್ಲ ವೈದ್ಯರ ಉತ್ತರ ಸಾಲದು. ನಾಯಿ ಯಾರ ಜೊತೆ ಬದುಕುತ್ತಿದೆಯೋ ಆ ಮಾಲೀಕರನ್ನು ಕೇಳಿ. ಆಮೇಲೆ ಯಾರಾದರೂ ಕೈಯಿಂದ ಮುಟ್ಟಿ ನೋಡಲೇಬೇಕು." ನಾನು ಓದಿ ಮುಗಿಸಿದ ಮೇಲೆ ಅವರು ಇನ್ನೊಂದು ಸಲ ಓದಿಸಿದರು. ಆಮೇಲೆ, "ಮಾಲೀಕರಿಗೆ ಏನೂ ಗೊತ್ತಿಲ್ಲ ಅಂತ ಹಾಕು" ಅಂದರು. ನಾನು ಹಾಕಿದೆ.

ನಮ್ಮ ಕ್ಲಿನಿಕ್ಕಿಗೆ ಬರುವ ಪ್ರಾಣಿಗಳೆಲ್ಲ ನನ್ನ ಹೊಲಿಗೆ ಕೋಣೆಯ ಕಿಟಕಿ ದಾಟಿಯೇ ಬರಬೇಕು. ಅಂಥ ನಾಯಿ ಯಾವುದೂ ಬಂದಿಲ್ಲ. ಗುಬ್ಬಿ, ಆ ನಾಯಿ ನಿಮ್ಮಪ್ಪ. ಮಾಲೀಕಳು ನಾನು. ಮಾಲೀಕಳಿಗೆ ಎಲ್ಲ ಗೊತ್ತಿದೆ, ನೀನು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ, ಬರೆದುಕೋ. ಬಲಗೈ ಸುಮ್ಮನೆ ತೊಡೆಯ ಮೇಲಿದ್ದಾಗ ನಡುಗುತ್ತದೆ, ಹೆಬ್ಬೆರಳು ತೋರುಬೆರಳು ಏನನ್ನೋ ಉರುಳಿಸುತ್ತಿರುವ ಹಾಗೆ. ಲೋಟ ಎತ್ತಿದರೆ ನಿಲ್ಲುತ್ತದೆ, ನಿದ್ದೆಯಲ್ಲಿ ಇಲ್ಲವೇ ಇಲ್ಲ, ನಾನು ಎಚ್ಚರವಿದ್ದು ನೋಡಿದ್ದೇನೆ. ನಡೆಯುವಾಗ ಎಡಗೈ ಬೀಸುತ್ತದೆ, ಬಲಗೈ ದೇಹಕ್ಕೆ ಹೊಲಿದ ಹಾಗೆ ನಿಂತಿರುತ್ತದೆ. ಚೀಟಿಯಲ್ಲಿ ಮದ್ದಿನ ಹೆಸರು ದೊಡ್ಡದಾಗಿ ಶುರುವಾಗಿ ಸಾಲಿನ ಕೊನೆಗೆ ಇರುವೆಯಾಗುತ್ತದೆ, ಔಷಧದಂಗಡಿಯವನು ಫೋನು ಮಾಡಿ ಕೇಳುತ್ತಾನೆ. ಗೆಲುವಾಗಿದೆಯೋ ಅಂತ ಕೇಳಿದೆಯಲ್ಲ: ಸ್ನಾನ ಮಾಡುವಾಗ ಹಾಡುವುದು ನಿಂತಿದೆ. ಹೊಲಿಗೆ ಹಾಕಬೇಕಾದ ಪ್ರಾಣಿಗಳನ್ನೆಲ್ಲ ಊರಾಚೆಯ ಆಸ್ಪತ್ರೆಗೆ ಕಳಿಸುತ್ತಾರೆ, "ಅಲ್ಲಿ ಬೆಳಕು ಚೆನ್ನಾಗಿದೆ" ಅಂತ. ನಮ್ಮ ದೀಪಕ್ಕೇನಾಗಿದೆ? ನಾನು ದರ್ಜಿ, ಕೈ ನೋಡಿಯೇ ಬದುಕಿದವಳು. ನನಗೆ ಹೆದರಿಕೆಯಾಗಿದೆ ಗುಬ್ಬಿ. ಅವರ ಎದುರು ತೋರಿಸಿಕೊಂಡಿಲ್ಲ, ನಿನ್ನ ಎದುರು ಹೇಳುತ್ತಿದ್ದೇನೆ.

ಮನುಷ್ಯರ ಡಾಕ್ಟರ ಹತ್ತಿರ ಹೋಗೋಣ ಅಂದರೆ, "ಅವರಿಗೆ ಗೊತ್ತಿರೋದು ಒಂದೇ ಜಾತಿ ಪ್ರಾಣಿ" ಅಂತ ನಗಿಸಿ ತಪ್ಪಿಸಿಕೊಳ್ಳುತ್ತಾರೆ. ಅದರ ಮೇಲೆ ಮುಂದಿನ ಸೋಮವಾರ ಸವಾರಿ ಶಾಲೆಯ ಮುದಿ ಕುದುರೆಯ ಕಣ್ಣಿನ ಗಡ್ಡೆ ತೆಗೆಯಲು ಒಪ್ಪಿಕೊಂಡು ಬಂದಿದ್ದಾರೆ. ಅವರ ಕೈಯಲ್ಲೇ ಹುಟ್ಟಿದ ಕುದುರೆ, ಇಲ್ಲ ಅನ್ನಲು ನಾಲಗೆ ಬರಲಿಲ್ಲವಂತೆ. ಮುಟ್ಟದೆ ಮದ್ದು ಬರೆಯುವವನು ಜ್ಯೋತಿಷಿ ಅಂತ ಲೋಕಕ್ಕೆ ಸಾರಿದವರು, ತಮ್ಮನ್ನು ಮಾತ್ರ ಯಾರೂ ಮುಟ್ಟದೆ ಪರದೆಯ ಮೇಲೇ ವಾಸಿಮಾಡಲಿ ಅಂತ ಕಾಯುತ್ತಿದ್ದಾರೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮ ಹಿತ್ತಲ ಗಿಡ ಹೆಸರು ಬದಲಿಸಿಕೊಂಡಿದ್ದಕ್ಕೆ ಅದರ ಮಾತನ್ನಾದರೂ ಕೇಳಿಸಿಕೊಂಡರು. ನಾನು ಏನು ಮಾಡಬೇಕು ಹೇಳು. ನೀನು ಮಗಳಾಗಿ ಹೇಳಿದರೆ ಸಿಟ್ಟಾಗುತ್ತಾರೆ, ಕಪ್ಪೆಚಿಪ್ಪಾಗಿ ಹೇಳಿದರೆ ಕೇಳಿಯಾರು ಅಂತ ನನ್ನ ಲೆಕ್ಕ. ಸೋಮವಾರದೊಳಗೆ ಹೇಳು.

ನೀನು ಬಿಟ್ಟುಹೋದ ಹಸಿರು ಕೋಟಿನ ಜೇಬು ಹೊಲಿದಿಟ್ಟಿದ್ದೇನೆ. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ನೆನಪು ಹೇಳು, ಒದ್ದ ಆ ಕತ್ತೆಗೂ ಹೇಳು, ಅದಕ್ಕೆ ಅದರದೇ ಕಾರಣ ಇದ್ದಿರಬೇಕು. ನಿನ್ನ ಕೈ ಕಾಲು ಗಟ್ಟಿಯಾಗಿರಲಿ, ನಿನ್ನ ಕೈಗೆ ಬಂದ ಮೂಕಜೀವಗಳೆಲ್ಲ ಎದ್ದು ಓಡಲಿ.

ಇಂತಿ ನಿನ್ನ
ಅಮ್ಮ

ಮರೆಯುವ ಮೊದಲು: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ನಿಮ್ಮಪ್ಪ ಕೂಗಿದರು, ಹೋಗಿ ಬಂದು ಇದನ್ನು ಗೀಚುತ್ತಿದ್ದೇನೆ, ಔಷಧದಂಗಡಿಯ ಹುಡುಗಿ ಬಾಗಿಲಲ್ಲಿ ಕಾಯುತ್ತಿದ್ದಾಳೆ. ಕಪ್ಪೆಚಿಪ್ಪಿಗೆ ಉತ್ತರ ಹಾಕು ಅಂದರು. ಎಂದಿನಂತೆ 'ಮಾನ್ಯರೇ' ಅಂತ ಒತ್ತಿದೆ. "ಅದನ್ನ ಅಳಿಸು" ಅಂದರು. ಆಮೇಲೆ ಅವರು ಹೇಳಿದ್ದನ್ನು ಇದ್ದ ಹಾಗೇ ಒತ್ತಿದೆ: "ಕುದುರೆಯನ್ನು ಬೇರೆಯವರಿಗೆ ಒಪ್ಪಿಸಿದೆ. ಮಾಲೀಕರಿಗೆ ಎಲ್ಲಾ ಗೊತ್ತಿರೋ ಹಾಗಿದೆ. ನಾಯಿ ದೋಣಿ ಹತ್ತೋದಿಲ್ಲ, ನೀನೇ ಬಂದು ಮುಟ್ಟಿ ನೋಡು ಕಣೆ." ನನಗೂ ಬರೀ 'ನೋಡು' ಅನ್ನುತ್ತಾರೆ, ಈ ಭೂಮಿಯ ಮೇಲೆ ಅವರು 'ಕಣೆ' ಅನ್ನುವುದು ಒಬ್ಬಳಿಗೇ. ನಿಮಗೆ ಹೇಗೆ ಗೊತ್ತಾಯಿತು ಅಂದೆ. "ನನ್ನ ಮಗಳ ಸೊಕ್ಕು ನನಗೆ ಗೊತ್ತಾಗಲ್ವಾ?" ಅಂದು ಎದ್ದು ಹೋದರು. ಅಷ್ಟೂ ವೈದ್ಯರು ಓದುವ ಕಡೆ ಅದು ಹಾಗೇ ಇದೆ, ನಾನು ತಿದ್ದಲಿಲ್ಲ. ಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಬರೆಯುತ್ತ ಕೂರಬೇಡ, ಆಮೆಯದೂ ಬೇಡ. ಮೊದಲ ದೋಣಿ ಹತ್ತು.