ಹವಾಲ್ದಾರನಿಗೆ ವಿಶ್ರಾಂತಿ, ನಮ್ಮ ಭತ್ತಕ್ಕೆ ಬರ

ಕಾಲುವೆ ಕಚೇರಿಯ ದೊಡ್ಡ ಸಾಹೇಬರೇ,

ನೀವು ನಮ್ಮ ಹವಾಲ್ದಾರ್ ಯಂಕೋಬಣ್ಣನಿಗೆ ಸನ್ಮಾನ ಮಾಡಿದ ದಿನದಿಂದ ಬಳಗಾನೂರಿನಾಚೆಯ ನಮ್ಮ ಕೊನೆ ಹೊಲಗಳು ಒಣಗುತ್ತಿವೆ. ದಯವಿಟ್ಟು ಆ ಸನ್ಮಾನವನ್ನು ವಾಪಸು ತೆಗೆದುಕೊಳ್ಳಿ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ನಾನು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

ಆಗಸ್ಟ್ ಹದಿನೈದರಂದು ಮಸ್ಕಿಯಲ್ಲಿ ಅವನಿಗೆ ಶಾಲು ಹೊದಿಸಿ ಮೈಕಿನಲ್ಲಿ ಏನಂದಿರಿ? ‘ಸೇನಾ ಪದಕ ಪಡೆದ ಯೋಧರು ಎಪ್ಪತ್ತೈದರ ವಯಸ್ಸಿನಲ್ಲಿ ನೀರಗಂಟಿಯಾಗಿ ಕೆಸರು ತುಳಿಯುವುದು ನಮಗೆ ಅಪಮಾನ. ಇಂದಿನಿಂದ ಅವರಿಗೆ ಗೌರವಪೂರ್ವಕ ವಿಶ್ರಾಂತಿ.’ ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅಲ್ಲ ಸಾಹೇಬರೇ, ಎಪ್ಪತ್ತು ದಾಟಿದ ನಾನು ಇನ್ನೂ ಕೆಸರಿನಲ್ಲಿ ಬಗ್ಗಿ ನಾಟಿ ಹಚ್ಚುತ್ತೇನೆ. ಅದರಿಂದ ನಿಮಗೆ ಯಾವ ಅಪಮಾನವೂ ಆಗಲಿಲ್ಲವೇ?

ಅವನ ಶೌರ್ಯ ಏನೆಂದು ಮೈಕಿನಲ್ಲಿ ಯಾರೂ ಹೇಳಲಿಲ್ಲ. ನಾನು ಹೇಳುತ್ತೇನೆ. ಎಪ್ಪತ್ತೊಂದರ ಯುದ್ಧದಲ್ಲಿ ಮೂವರು ಗಾಯಗೊಂಡು ಬಯಲಲ್ಲಿ ಬಿದ್ದಿದ್ದರು. ಗುಂಡಿನ ಮಳೆಯಲ್ಲಿ ತೆವಳುತ್ತ ಹೋದ ಯಂಕೋಬಣ್ಣ, ಎಲ್ಲರಿಗಿಂತ ದೂರ ಬಿದ್ದವನನ್ನು ಮೊದಲು ಹೊತ್ತು ತಂದ. ಆಮೇಲೆ ನಡುವಿನವನು, ಕಡೆಗೆ ಹತ್ತಿರದವನು. ಮೂವರೂ ಬದುಕಿದರು, ಇವನ ಎರಡು ಬೆರಳು ಹೋದವು.

‘ಹತ್ತಿರದಾವನ್ನ ಬಿಟ್ಟು ದೂರ ಯಾಕ ಹೋದ್ಯೋ ಯಣ್ಣಾ?’ ಎಂದು ಒಮ್ಮೆ ಕೇಳಿದ್ದೆ.

‘ಹತ್ತಿರದಾವಗ ಯಾರರ ಸಿಗ್ತಾರಬೇ ಗಾಳೆವ್ವ. ದೂರದಾವಗ ಯಾರದಾರ?’

ಊರಿಗೆ ಬಂದು ಕಾಲುವೆ ನೀರು ಹಂಚುವ ನೀರಗಂಟಿಯಾದ ಮೇಲೂ ಅವನ ಲೆಕ್ಕ ಅದೇ. ನೀರು ಮೊದಲು ಕೊನೆ ಹೊಲಕ್ಕೆ, ಕಡೆಗೆ ತೂಬಿನ ಪಕ್ಕದವರಿಗೆ. ಎಂಟು ಬೆರಳಿನಲ್ಲೇ ತೂಬಿನ ಚಕ್ರ ತಿರುಗಿಸಿ ಮೂವತ್ತು ವರ್ಷ ನಮ್ಮ ಭತ್ತ ಉಳಿಸಿದ. ಮೇಲಿನ ಹೊಲದವರು ಸಲಿಕೆ ಹಿಡಿದು ಜಗಳಕ್ಕೆ ಬಂದರೆ, ‘ಗಡಿಯಾಗ ವೈರಿ ಯಾರಂತ ಗೊತ್ತಿತ್ತು, ಇಲ್ಲಿ ಎಲ್ಲಾರೂ ಬೀಗರ ಅದೀರಿ. ಕುಂದರ್ರಿ, ಚಾ ಕುಡೀರಿ’ ಎನ್ನುತ್ತಿದ್ದ. ಅವರು ಬೈಯುತ್ತಲೇ ಚಹಾ ಕುಡಿದು ಹೋಗುತ್ತಿದ್ದರು.

ಈಗ ನೀವಿಟ್ಟ ಹೊಸಬ ತೂಬಿನ ಪಕ್ಕದಿಂದ ಶುರು ಮಾಡುತ್ತಾನೆ. ನಮ್ಮ ತನಕ ನೀರು ಬರುವಷ್ಟರಲ್ಲಿ ನೀರು ಬಿಡುವ ಪಾಳಿ ಮುಗಿದಿರುತ್ತದೆ. ನನ್ನ ಸಸಿ ಹಳದಿ ತಿರುಗಿದೆ. ಎಂಟು ದಿನದಲ್ಲಿ ನಾಟಿ ಆಗದಿದ್ದರೆ ಈ ಸಲದ ಬೆಳೆ ಹೋಯಿತು.

ಯಂಕೋಬಣ್ಣ ವಿಶ್ರಾಂತಿಯಲ್ಲಿದ್ದಾನೆ. ಎಂಥ ವಿಶ್ರಾಂತಿ ಅಂತೀರಿ! ನಲ್ಲಿ ಮುಂದೆ ಕೊಡಗಳನ್ನು ಸಾಲಾಗಿ ನಿಲ್ಲಿಸಿ, ಹಿಂದಿನ ಕೊಡವೇ ಮೊದಲು ತುಂಬಬೇಕೆಂದು ಹೆಂಡತಿಗೆ ಕವಾಯತು ಮಾಡಿಸುತ್ತಾನೆ. ಆಕೆ ಸೂಗಮ್ಮ ನಿನ್ನೆ ಓಡಿ ಬಂದು, ‘ಯಕ್ಕಾ, ಇಂವನ್ನ ಕಾಲುವಿಗೆ ಕಳಸ್ರಿ, ಇಲ್ಲಾಂದ್ರ ನಾನ ಮಿಲಿಟ್ರಿ ಸೇರ್ತೀನಿ’ ಎಂದಳು.

ನಾವೇ ಹೋಗಿ ಕರೆದೆವು. ‘ಹುಕುಂ ಮುರಿಯಾಂಗಿಲ್ಲಬೇ. ಸಾಹೇಬ್ರು ಬರದು ಕೊಡ್ಲಿ, ನಿಂತ ಕಾಲಾಗ ಬರ್ತೀನಿ’ ಎಂದ. ಗುಂಡಿಗೆ ಹೆದರದವನು ನಿಮ್ಮ ಕಾಗದಕ್ಕೆ ಹೆದರಿ ಕುಳಿತಿದ್ದಾನೆ.

ಆದ್ದರಿಂದ ಒಂದು ಸಾಲಿನ ಹುಕುಂ ಬರೆಯಿರಿ: ಯಂಕೋಬ ತೂಬಿಗೆ ಹೋಗತಕ್ಕದ್ದು. ಅದನ್ನು ಒಯ್ಯಲು ಸೋಮವಾರ ನಾನೇ ಬಂದು ನಿಮ್ಮ ಬಾಗಿಲಲ್ಲಿ ಕೂರುತ್ತೇನೆ. ಎರಡು ದಿನದ ರೊಟ್ಟಿ ಕಟ್ಟಿಕೊಂಡಿರುತ್ತೇನೆ, ನೆಂಚಿಕೊಳ್ಳಲು ಶೇಂಗಾ ಹಿಂಡಿಯೂ ಇರುತ್ತದೆ. ನಿಮಗೂ ಕೊಡುತ್ತೇನೆ, ಸಹಿ ಹಾಕಿದ ಮೇಲೆ.

ಇಂತಿ,
ಇಷ್ಟು ಬರೆಯುವಷ್ಟರಲ್ಲಿ ಎರಡು ಪೆನ್ನು ಮುರಿದ
ಗಾಳೆಮ್ಮ