ಇಂಗ್ಲೆಂಡಿನ ಕಾರ್ಡಿಗೆ ಯಾವ ತಾರೀಖು

ಹೊನ್ನಾಳಿ, ೧೯-೭-೧೯೩೮, ಮಂಗಳವಾರ. ಒತ್ತಿದ ಕಾರ್ಡುಗಳು ಇಪ್ಪತ್ತನಾಲ್ಕು.

ಕೊಟ್ರಮ್ಮನಿಗೆ,

ನಾನು ನ್ಯಾಮತಿಗೆ ಹೊರಟಿದ್ದೇನೆ. ರೇಡಿಯೋದಲ್ಲಿ ಮಾತಾಡಿದ್ದಕ್ಕೆ ಸಾಕ್ಷಿಯಾಗಿ ಕಳಿಸುವ ಕಾರ್ಡುಗಳನ್ನು ನಿನ್ನ ಗಂಡ ಮರುಳಪ್ಪ ಕೊರೆದ ಮರದ ಅಚ್ಚಿನಿಂದ ಒತ್ತಿ ಪಡಸಾಲೆಯಲ್ಲಿ ಹರಡಿದ್ದೇನೆ. ಮಸಿ ಒಣಗುವವರೆಗೆ ಮುಟ್ಟಬೇಡ. ಮೂಲೆಗಳಿಗೆ ಅರಿಶಿನ ಹಚ್ಚಬೇಡ, ಇವು ಲಗ್ನಪತ್ರಿಕೆಗಳಲ್ಲ.

ಇಂಗ್ಲೆಂಡಿನವನಿಗೆ ಕಳಿಸುವ ಕಾರ್ಡಿನ ವಿಷಯ. ಮಾತುಕತೆಗಳನ್ನು ಗುರುತು ಹಾಕುವ ನಿನ್ನ ಗಂಡನ ಪುಸ್ತಕದಲ್ಲಿ ಜೂನ್ ೨೭ ಎಂದಿದೆ. ಅಂದು ಮಣ್ಣೆತ್ತಿನ ಅಮಾವಾಸ್ಯೆ. ಹೊಸ ಯಂತ್ರವನ್ನು ಅಂದು ಆರಂಭಿಸಕೂಡದೆಂದು ಅವನನ್ನು ತಡೆದವನು ನಾನು. ಮರುದಿನ ಬೆಳಗಿನ ಐದಕ್ಕೆ ಅವನು ಇಂಗ್ಲೆಂಡಿನವನೊಡನೆ ಮಾತಾಡುವಾಗ ಪಕ್ಕದಲ್ಲಿ ಕುಳಿತಿದ್ದವನೂ ನಾನೇ. ಆದ್ದರಿಂದ ೨೮ ಎಂದು ಬರೆದೆ.

ನೀನು, "ಮಾವಾರೆ, ಇಂಗ್ಲೆಂಡಿನ ಗ್ರೀನ್‌ವಿಚ್ ಗಡಿಯಾರದಾಗೆ ಆಗಿನ್ನೂ ಸೋಮವಾರ ರಾತ್ರಿ ಹನ್ನೊಂದೂವರೆ ಅಂತೆ. ರೇಡಿಯೋದವರು ಎಲ್ಲಾರೂ ಅದನ್ನೇ ಬರೀಬೇಕಂತೆ" ಎಂದೆ. ಐದೂವರೆ ಗಂಟೆ ಕಳೆದು ನೋಡಿದೆ, ಲೆಕ್ಕ ಸರಿ. ಆದರೆ ಒಂದೇ ಮಾತುಕತೆ ಎರಡು ದಿನ ಹೇಗೆ ನಡೆಯಿತು, ನಾವು ಅಮಾವಾಸ್ಯೆಯನ್ನು ದಾಟಿದ್ದೆವೋ ಇಲ್ಲವೋ, ನನಗೆ ತಿಳಿಯುತ್ತಿಲ್ಲ.

ತಾರೀಖು ತಾಳೆಯಾಗದಿದ್ದರೆ ಇಂಡಿಯಾದೊಡನೆ ತಾನು ಮಾತಾಡಿದ್ದನ್ನು ಯಾರೂ ಒಪ್ಪುವುದಿಲ್ಲವೆಂದು ಅವನು ಬರೆದಿದ್ದಾನೆ. ನಮ್ಮ ಅಮಾವಾಸ್ಯೆಯಿಂದ ಅವನಿಗೆ ನಷ್ಟವಾಗಬಾರದು. ನಾನು ಬರೆದದ್ದನ್ನು ಹರಿದು, ಹೊಸದೊಂದನ್ನು ತುಂಬಿ, ತಾರೀಖಿನ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ಅಲ್ಲಿ ೨೭ ಎಂದು ನೀನೇ ಬರೆ. ನನ್ನ ಕೈಗೆ ಅದು ಬಾರದು.

ಮರುಳಪ್ಪ ಜಗಳೂರಿನಿಂದ ಬರುವವರೆಗೆ ಕಾಯಬೇಡ. ಇಂಗ್ಲೆಂಡಿನವನ ಕಾರ್ಡು ನಮಗೆ ತಲುಪಿದೆ, ನಮ್ಮದು ಅವನಿಗೆ ತಲುಪಿಲ್ಲ. ಆ ಋಣ ಇಂದಿನ ಟಪಾಲಿಗೆ ತೀರಲಿ.

ಷಣ್ಮುಖಪ್ಪ