ಕೆಳಮುಖದ ಮೂರು ಪಟ್ಟಿ

ಕ್ಯಾಂಟನ್, ಮಿಶಿಗನ್
ಶನಿವಾರ, ನವೆಂಬರ್ 14, 2009

ಪ್ರೀತಿಯ ಅಂಬುಜಾ,

ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುವವಳು ಕಾಗದ ಬರೆಯಲು ಯಾಕೆ ಕೂತಳು ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಾದರೆ ನೀನು ನಡುವೆ “ಹೋಗ್ಲಿ ಬಿಡೇ” ಅನ್ನುತ್ತೀಯ, ನಾನು ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಸಿಟ್ಟು ಬಂದರೂ ಪೂರ್ತಿ ಓದು.

ವೆಂಕಟರಾಮು ಅವರ ಕಣ್ಣು ಹೇಗಿದೆ ಎಂದು ಕೇಳುವ ಮುಖ ನನಗಿಲ್ಲ.

ಆ ಪುಟ್ಟ ದ್ವೀಪದೇಶದ ಸೈನ್ಯದ ಆರ್ಡರ್ ಬಂದದ್ದು ಜನವರಿಯಲ್ಲಿ. ನಮ್ಮ ಮನೆಯವರ ಕೆಲಸ ಹೋಗಿ ಎರಡು ವಾರವಾಗಿತ್ತು. ನಿಮ್ಮ ಮನೆಯವರು ವೆಂಕಟರಾಮು ಅವರದ್ದು ದೀಪಾವಳಿಗೆ ಮುಂಚೆಯೇ ಹೋಗಿತ್ತು. ಎರಡೂ ಮನೆ ನಿಂತಿದ್ದದ್ದು ನೋವಾಕ್ ಅವರ ಏಳು ಜನರ ಕಸೂತಿ ವರ್ಕ್‌ಶಾಪಿನ ಮೇಲೆ. ನನ್ನನ್ನು ಅಲ್ಲಿಗೆ ಸೇರಿಸಿದವಳೂ ನೀನೇ. ಒಂದು ಮಿಷನ್ನನ್ನೂ ಮುಟ್ಟಿ ನೋಡದವಳನ್ನು ಕರೆದುಕೊಂಡು ಹೋಗಿ, ಇವಳು ಬೇಗ ಕಲಿಯುತ್ತಾಳೆ ಎಂದು ಅವರಿಗೆ ಮಾತು ಕೊಟ್ಟಿದ್ದೆ.

ಇಡೀ ಸೈನ್ಯಕ್ಕೆ ಹೊಸ ಹೆಗಲಪಟ್ಟಿ ಬೇಕಂತೆ ಎಂದು ನೀನು ಅವತ್ತು ನಕ್ಕಿದ್ದೆ. ನಮ್ಮ ಕನ್ನಡ ಕೂಟದ ಯುಗಾದಿ ಊಟಕ್ಕೆ ಬರುವಷ್ಟು ಜನವೂ ಆ ಸೈನ್ಯದಲ್ಲಿರಲಿಲ್ಲ. ಆದರೂ ಒಂದೊಂದು ದರ್ಜೆಯನ್ನೂ ನನಗೆ ಕೂರಿಸಿಕೊಂಡು ಹೇಳಿಕೊಟ್ಟೆ. ‘ವಿ’ ಆಕಾರದ ಒಂದು ಪಟ್ಟಿಯಾದರೆ ಲ್ಯಾನ್ಸ್ ಕಾರ್ಪೊರಲ್, ಎರಡಾದರೆ ಕಾರ್ಪೊರಲ್, ಮೂರಾದರೆ ಸಾರ್ಜೆಂಟ್. ಅಧಿಕಾರಿಗಳಿಗೆ ನಕ್ಷತ್ರ. “ಇದು ಬ್ರಿಟಿಷರ ಪದ್ಧತಿ ಕಣೇ, ಪಟ್ಟಿಯ ಮೊನೆ ಕೆಳಕ್ಕೆ ಬರ್ಬೇಕು. ಅಮೆರಿಕದ್ದು ಮೇಲಕ್ಕೆ. ಮರೀಬೇಡ” ಎಂದಿದ್ದೆ. ಹಾಳೆಯಲ್ಲಿ ಚಿತ್ರ ಬರೆದು, ಪಕ್ಕದಲ್ಲಿ ಕೆಂಪು ಪೆನ್ನಿನಿಂದ ಬಾಣದ ಗುರುತನ್ನೂ ಹಾಕಿಕೊಟ್ಟೆ.

ಹೌದು ಅಂಬುಜಾ, ಹಾಕಿಕೊಟ್ಟಿದ್ದೆ. ನಿನಗೆ ಮರೆತಿರಲಿಲ್ಲ. ನಿನ್ನ ಹಾಳೆ ಸರಿಯಾಗಿಯೇ ಇತ್ತು.

ಅದನ್ನು ನೋಡಿ ಕಂಪ್ಯೂಟರಿನಲ್ಲಿ ಹೊಲಿಗೆಯ ನಕ್ಷೆ ಮಾಡಬೇಕಾದವಳು ನಾನು. ಅವತ್ತು ನಮ್ಮ ಮನೆಯವರು ಮೂರು ಸಲ ಫೋನ್ ಮಾಡಿದ್ದರು. ಇನ್ನೊಂದು ಕಂಪನಿಯವರೂ ಬೇಡವೆಂದಿದ್ದರು. ಕಣ್ಣು ತೆರೆಯ ಮೇಲಿತ್ತು, ಮನಸ್ಸು ಮನೆಯಲ್ಲಿತ್ತು. ಹಿಂದಿನ ವಾರ ಇಲ್ಲಿಯ ಯಾವುದೋ ಪೊಲೀಸರಿಗೆ ಮಾಡಿದ್ದ ಹಳೆಯ ನಕ್ಷೆಯನ್ನೇ ತೆರೆದು, ಕೆಳಗೆ ದ್ವೀಪದ ಹೆಸರು ಸೇರಿಸಿ ಮಿಷನ್ನಿಗೆ ಕೊಟ್ಟುಬಿಟ್ಟೆ. ಮೊನೆ ಮೇಲಕ್ಕಿತ್ತು.

ಮಾರ್ಚಿನಲ್ಲಿ ಪೆಟ್ಟಿಗೆಗಳು ವಾಪಸು ಬಂದವು. ಹೆಸರು ಹೊಲಿದಿದ್ದರಿಂದ ಪಟ್ಟಿಯನ್ನು ತಿರುಗಿಸಿ ಹಾಕಿಕೊಳ್ಳುವಂತೆಯೂ ಇರಲಿಲ್ಲ. ಜೊತೆಗೊಂದು ಕಾಗದವಿತ್ತು. ಅವರ ಸ್ವಾತಂತ್ರ್ಯ ದಿನದ ಕವಾಯತಿನಲ್ಲಿ ಸಾರ್ಜೆಂಟುಗಳೆಲ್ಲ ಬಣ್ಣ ಹೋದ ಹಳೆಯ ಪಟ್ಟಿಗಳನ್ನೇ ಹಾಕಿಕೊಂಡು ನಡೆದರಂತೆ. ಮುಂದಿನ ಆರ್ಡರ್‌ಗಳನ್ನು ಬೇರೆಯವರಿಗೆ ಕೊಡುತ್ತೇವೆ ಎಂದೂ ಬರೆದಿದ್ದರು. ನೋವಾಕ್ ನಮ್ಮಿಬ್ಬರನ್ನೂ ಕರೆದು ಹಾಳೆ ಎಲ್ಲಿ ಎಂದು ಕೇಳಿದರು. ನೀನು ಕೊಟ್ಟಿದ್ದೇನೆ ಅಂದೆ. ಅವರು ನನ್ನ ಕಡೆ ತಿರುಗಿದರು.

ನಾನು ಸುಮ್ಮನಿದ್ದೆ ಎಂದಷ್ಟೇ ಬರೆಯೋಣವೆಂದುಕೊಂಡಿದ್ದೆ. ನಾನು ಸುಮ್ಮನಿರಲಿಲ್ಲ. ಅಂಬುಜಾ ಬಾಯಲ್ಲಿ ಹೇಳಿದ್ದಳು, ಹಾಳೆ ಕೊಡಲಿಲ್ಲ, ಮೊನೆ ಮೇಲಕ್ಕೆ ಎಂದೇ ಹೇಳಿದ ನೆನಪು ಎಂದೆ. ಆ ಹಾಳೆ ಆಗ ನನ್ನ ಮೇಜಿನ ಡ್ರಾಯರಿನಲ್ಲಿತ್ತು.

ನೀನು ನನ್ನ ಮುಖವನ್ನೇ ನೋಡಿದೆ. ಆ ನೋಟದಲ್ಲಿ ನನ್ನ ಮೇಲೆ ಅನುಮಾನವಿರಲಿಲ್ಲ. ನಿನ್ನ ಮೇಲೆಯೇ ನಿನಗೆ ಅನುಮಾನ ಬಂದಿತ್ತು. ಅವತ್ತೇ ಕೆಲಸ ಕಳೆದುಕೊಂಡು, ಫೋರ್ಡ್ ರೋಡಿನಲ್ಲಿ ನನ್ನ ಜೊತೆ ಕಾರಿನಲ್ಲಿ ಬರುವಾಗ ನೀನು ಹೇಳಿದೆ: “ಇವರ ಕಣ್ಣಿನ ಚಿಂತೇಲಿ ನಂಗೇ ತಲೆ ಕೆಟ್ಟಿತ್ತೇನೋ ವತ್ಸಲಾ. ನಿಂಗಾದ್ರೂ ಕೆಲ್ಸ ಉಳೀತಲ್ಲ, ಅಷ್ಟು ಸಾಕು.” ನಾನು ಸ್ಟಿಯರಿಂಗ್ ಹಿಡಿದುಕೊಂಡು ಹೂಂ ಅಂದೆ.

ಮುಂದಿನದು ನಿನಗೆ ಗೊತ್ತಿರುವುದೇ. ನಿನ್ನ ಕೆಲಸದ ಜೊತೆ ನಿಮ್ಮಿಬ್ಬರ ಇನ್ಶೂರೆನ್ಸೂ ಹೋಯಿತು. ಆನ್ ಆರ್ಬರ್‌ನ ಡಾಕ್ಟರ ಹತ್ತಿರ ವೆಂಕಟರಾಮು ಅವರ ಕಣ್ಣಿಗೆ ಇನ್ನೂ ಎರಡು ಸಲ ಆಗಬೇಕಿದ್ದ ಲೇಸರ್ ಚಿಕಿತ್ಸೆ ನಿಂತಿತು. ಜೂನ್‌ನಲ್ಲಿ ಅವರ ತಮ್ಮನ ಮನೆಗೆಂದು ಶಿಕಾಗೋ ಕಡೆ ಹೊರಟಾಗ, ಬಲಗಣ್ಣು ಮಂಜಾದ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಮಾನಿನ ಟ್ರಕ್ಕನ್ನು ನೀನೇ ಡ್ರೈವ್ ಮಾಡಿದೆ. ನಾನು ದಾರಿಗೆಂದು ಚಪಾತಿ, ಪಲ್ಯ ಕಟ್ಟಿಕೊಟ್ಟೆ. ಅವರು ಕೈಮುಗಿದು, “ನೀವು ತುಂಬಾ ಮಾಡಿದ್ರಿ ತಾಯಿ” ಅಂದರು. ನಾನು ಒಳಗೆ ಬಂದು ಬಾತ್‌ರೂಮಿನ ನಲ್ಲಿ ತಿರುಗಿಸಿ ಅತ್ತೆ. ಆಗಸ್ಟಿನಲ್ಲಿ ಆ ಕಣ್ಣು ಪೂರ್ತಿ ಹೋಯಿತು ಎಂದು ನೀನು ಫೋನಿನಲ್ಲಿ ಹೇಳಿದಾಗ ಅಳುವೂ ಬರಲಿಲ್ಲ. ಅವತ್ತು ನಾನು ಕುಳಿತಿದ್ದದ್ದು ನಿನ್ನ ಕುರ್ಚಿಯಲ್ಲಿ. ನಿನ್ನ ಕೆಲಸವನ್ನೂ ನನಗೇ ಕೊಟ್ಟಿದ್ದರು.

ಹೋದ ವಾರ ನೀನು ಫೋನ್ ಮಾಡಿ, ಓಕ್ ಬ್ರೂಕ್ ಹತ್ತಿರದ ಯೂನಿಫಾರ್ಮ್ ಅಂಗಡಿಯೊಂದಕ್ಕೆ ಅಪ್ಲೈ ಮಾಡಿದೀನಿ, ನೋವಾಕ್ ಹತ್ರ ಒಂದ್ ಒಳ್ಳೇ ಮಾತು ಬರೆಸಿಕೊಡ್ತೀಯಾ ಎಂದು ಕೇಳಿದೆ. ಅಷ್ಟು ಸಂಕೋಚದಿಂದ ಕೇಳಿದೆಯಲ್ಲ, ನನ್ನಿಂದ ತಡೆಯಲಾಗಲಿಲ್ಲ. ಸೋಮವಾರ ಅವರ ಕೋಣೆಗೆ ಹೋಗಿ, ನಿನ್ನ ಹಾಳೆಯನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಅವರು ಕೆಂಪು ಬಾಣದ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದರು. ಬೈಯಲಿಲ್ಲ. ಅಂಬುಜಾಗೆ ನಾನೇ ಪತ್ರ ಬರೆದು ಕ್ಷಮೆ ಕೇಳುತ್ತೇನೆ, ಆ ಅಂಗಡಿಗೂ ನಿಜ ಬರೆಯುತ್ತೇನೆ ಎಂದರು. ನನಗೆ ಶುಕ್ರವಾರದವರೆಗೆ ಬಂದರೆ ಸಾಕು ಎಂದರು. ನಿನ್ನೆ ನನ್ನ ಕೊನೆಯ ದಿನವಾಗಿತ್ತು.

ಇವರಿಗೆ ಹೇಳಿದೆ. ಹೊರಗೆ ಹೋಗಿ ಎಲೆ ಗುಡಿಸುತ್ತಾ ನಿಂತರು. ಗುಡಿಸಿದ ಜಾಗವನ್ನೇ ಮತ್ತೆ ಮತ್ತೆ ಗುಡಿಸುತ್ತಿದ್ದರು. ಒಳಗೆ ಬಂದ ಮೇಲೆ ಒಂದೇ ಮಾತು ಕೇಳಿದರು: “ವೆಂಕಟರಾಮು ಮುಖಾನ ನಾನು ಹೇಗೆ ನೋಡ್ಲಿ?”

ಕ್ಷಮಿಸು ಎಂದು ಕೇಳಲು ಈ ಕಾಗದ ಬರೆಯುತ್ತಿಲ್ಲ. ನಿನ್ನ ತಲೆ ಕೆಟ್ಟಿರಲಿಲ್ಲ, ನಿನ್ನ ಕೈ ತಪ್ಪಿರಲಿಲ್ಲ ಎಂದು ನಿನಗೆ ತಿಳಿಯಬೇಕು. ವೆಂಕಟರಾಮು ಅವರಿಗೂ ಇದನ್ನು ಓದಿ ಹೇಳು. ಉಳಿದ ಒಂದು ಕಣ್ಣಿನಲ್ಲಿ ಓದುವುದು ಅವರಿಗೆ ಕಷ್ಟವಲ್ಲವೇ; ಓದಿ ಹೇಳಬೇಕಾಗಿ ಬಂದದ್ದೂ ನನ್ನಿಂದಲೇ.

ನಿನ್ನವಳು ಎಂದು ಬರೆಯಲು ಧೈರ್ಯವಾಗದ,
ವತ್ಸಲಾ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಲಕೋಟೆ ಅಂಟಿಸಿದವಳು ಮತ್ತೆ ಹರಿದು ಬರೆಯುತ್ತಿದ್ದೇನೆ. ನೀನು ಫೋನ್ ಮಾಡಿದ ಮೇಲೂ ನಾನು ನೋವಾಕ್ ಅವರಿಗೆ ಏನೂ ಹೇಳಿರಲಿಲ್ಲ. ಆ ಅಂಗಡಿಯವರೇ ಅವರಿಗೆ ನೇರವಾಗಿ ಫೋನ್ ಮಾಡಿ ನಿನ್ನ ಬಗ್ಗೆ ವಿಚಾರಿಸಿದ್ದರು. ಹಳೆಯ ಆರ್ಡರಿನ ಕಾಗದ ಹುಡುಕುತ್ತಾ ನೋವಾಕ್ ನನ್ನ ಡ್ರಾಯರ್ ತೆಗೆದಿದ್ದಾರೆ. ಸೋಮವಾರ ಆ ಹಾಳೆಯನ್ನು ಮೇಜಿನ ಮೇಲೆ ಇಟ್ಟವಳು ನಾನಲ್ಲ. ಇಟ್ಟವರು ಅವರು. ನಾನು ಆಗಲೂ ಮೊದಲು, ಇದು ಯಾವ ಹಾಳೆ, ನನಗೆ ಗೊತ್ತಿಲ್ಲ ಅಂದೆ.